ಒಳಗೆ ಬಿಟ್ಟ ಬಟ್ಟೆ

ಈ ಜೂನ್ ಒಂದನೇ ತಾರೀಖಿಗೆ ನನಗೆ ಐವತ್ತು ತುಂಬಿತು. ಇದು ಶಾಲೆಯ ಲೆಕ್ಕ. ನಮ್ಮ ಕಾಲದಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಜೂನ್ ಒಂದು ಎಂದೇ ಬರೆದುಬಿಡುತ್ತಿದ್ದರು. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು. ಅಮ್ಮನನ್ನು ಕೇಳಿದರೆ, ಕಾಫಿ ಕೊಯ್ಲಿನ ನಡುವೆ ಹುಟ್ಟಿದವಳು ನೀನು, ಆ ವರ್ಷ ನನಗೆ ಅರ್ಧ ಕೊಯ್ಲು ತಪ್ಪಿತು ಅನ್ನುತ್ತಿದ್ದಳು, ಅಷ್ಟೇ. ಹಾಗಾಗಿ ಹುಟ್ಟುಹಬ್ಬ ಅಂತ ನಾನು ಯಾವತ್ತೂ ಮಾಡಿಕೊಂಡವಳಲ್ಲ. ಅದೂ ಅಲ್ಲದೆ ಕಳಸದಂಥ ಊರಿನ ಟೈಲರಿಗೆ ಜೂನ್ ಒಂದು ಅಂದರೆ ಯೂನಿಫಾರ್ಮಿನ ಗಲಾಟೆ. ಉಸಿರಾಡಲು ಪುರಸೊತ್ತಿರುವುದಿಲ್ಲ.

ಈ ಸಲ ಮಗಳು ಸೌಮ್ಯ ಬಿಡಲಿಲ್ಲ. ಅವಳು ಮೂಡಿಗೆರೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ರಜೆ ಹಾಕಿ, ಕೇಕಿನ ಡಬ್ಬವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ದಾರಿಯ ತಿರುವುಗಳಲ್ಲಿ ಕೇಕು ಒಂದು ಕಡೆಗೆ ವಾಲಿ, ಅದರ ಮೇಲೆ ಬರೆಸಿದ್ದ ಐವತ್ತರ ಸೊನ್ನೆ ಡಬ್ಬಕ್ಕೆ ಅಂಟಿಕೊಂಡು ಬರೀ ಐದು ಉಳಿದಿತ್ತು. ಐದು ವರ್ಷದ ಮಗುವಿಗೆ ಇಷ್ಟು ದೊಡ್ಡ ಕೇಕು ಯಾಕೆ ಅಂತ ನನ್ನ ಗಂಡ ತಮಾಷೆ ಮಾಡಿದರು. ನಾವು ಮೂವರೂ ನಕ್ಕೆವು. ಈ ಐವತ್ತು ಬರುತ್ತದೆ ಎಂದು ಹತ್ತು ವರ್ಷದ ಹಿಂದೆ ನಮ್ಮಲ್ಲಿ ಯಾರೂ ನಂಬಿರಲಿಲ್ಲ.

ನಲವತ್ತರಲ್ಲಿ ನನಗೆ ಎದೆಯ ಕ್ಯಾನ್ಸರ್ ಆಗಿತ್ತು. ಎಡಗಡೆಯದನ್ನು ತೆಗೆದಿದ್ದಾರೆ. ಇಷ್ಟನ್ನು ಬರೆಯಲು ನನಗೆ ಹತ್ತು ವರ್ಷ ಹಿಡಿಯಿತು. ನನ್ನ ಅಂಗಡಿಗೆ ಬರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಇದು ಈಗಲೂ ಗೊತ್ತಿಲ್ಲ. ಓದಿ ತಿಳಿದುಕೊಳ್ಳಲಿ. ಗೊತ್ತಾಗಲೇಬೇಕಾಗಿದ್ದ ಒಬ್ಬಳಿಗೆ ಮಾತ್ರ ಇನ್ನು ಗೊತ್ತಾಗುವ ಹಾಗಿಲ್ಲ. ಅವಳ ಹೆಸರು ಜಲಜಕ್ಕ, ನನಗಿಂತ ಮೂರು ವರ್ಷ ದೊಡ್ಡವಳು. ಈ ಹತ್ತು ವರ್ಷದ ಕತೆಯಲ್ಲಿ ಅರ್ಧ ಅವಳದು.

ನಾನು ಹೊಲಿಗೆ ಕಲಿತದ್ದು ಕುದುರೆಮುಖದಲ್ಲಿ. ಮದುವೆಯಾಗಿ ಹೋದದ್ದೇ ಅಲ್ಲಿಯ ಕಂಪನಿ ಕ್ವಾರ್ಟರ್ಸಿಗೆ. ಗಣಿ ನಡೆಯುತ್ತಿದ್ದ ಕಾಲ. ದೇಶದ ಎಲ್ಲ ಕಡೆಯವರೂ ಇದ್ದರು. ಕೇರಳದ ಒಬ್ಬ ಹೆಂಗಸು ಮನೆಯಲ್ಲೇ ಹೊಲಿಗೆ ಕ್ಲಾಸು ಇಟ್ಟಿದ್ದರು. ನಾವು ಅವರನ್ನು ಟೀಚರ್ ಅನ್ನುತ್ತಿದ್ದೆವು. ಕತ್ತರಿ ಹಿಡಿಸುವ ಮೊದಲೇ ಅವರು ಒಂದು ಮಾತು ಹೇಳಿಕೊಟ್ಟರು: ಅಳತೆ ತೆಗೆಯುವಾಗ ಕಂಡದ್ದನ್ನು ಬಾಯಲ್ಲಿ ಹೇಳಬಾರದು. ದಪ್ಪಗಾಗಿದ್ದೀರಿ, ಇಳಿದುಹೋಗಿದ್ದೀರಿ, ಒಂದು ಭುಜ ತಗ್ಗಿದೆ, ಯಾವುದನ್ನೂ ಹೇಳಬಾರದು. ಬಂದವಳ ಮೈಯಲ್ಲಿ ಏನಿದೆಯೋ ಅದಕ್ಕೆ ಹೊಂದುವ ಹಾಗೆ ಹೊಲಿದುಕೊಟ್ಟರೆ ಮುಗಿಯಿತು. ಗಣಿ ನಿಂತು, ಕ್ವಾರ್ಟರ್ಸು ಖಾಲಿಯಾಗಿ, ನಾವು ಕಳಸಕ್ಕೆ ಬಂದು ನಾನು ಅಂಗಡಿ ಇಟ್ಟ ಮೇಲೂ ಆ ಮಾತನ್ನು ಮೀರಲಿಲ್ಲ. ನಾನು ಬಾಯಿ ಜೋರಿನ ಹೆಂಗಸು ಅಂತ ಪೇಟೆಗೆಲ್ಲ ಗೊತ್ತು. ಆದರೆ ಟೇಪು ಕೈಯಲ್ಲಿದ್ದಾಗ ನಾನು ಮೂಗಿ.

ಹೊಲಿಗೆಯವರಲ್ಲದವರಿಗೆ ಒಂದು ವಿಷಯ ಹೇಳಬೇಕು. ಬ್ಲೌಸಿನ ಪಕ್ಕದ ಹೊಲಿಗೆಯ ಒಳಗೆ ನಾವು ಎರಡು ಬೆರಳಿನಷ್ಟು ಬಟ್ಟೆಯನ್ನು ಹೆಚ್ಚಿಗೆ ಬಿಟ್ಟಿರುತ್ತೇವೆ. ಬಾಣಂತನ ಆಯಿತು, ಮೈ ಬಂತು, ಬ್ಲೌಸು ಬಿಗಿಯಾಯಿತು ಅಂದರೆ ಹೊಸದು ಹೊಲಿಸಬೇಕಾಗಿಲ್ಲ. ಹಳೆ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟ ಬಟ್ಟೆಯನ್ನು ಸ್ವಲ್ಪ ಹೊರಗೆ ತಂದು ಸಡಿಲ ಮಾಡಿಕೊಟ್ಟರೆ ಸಾಕು.

ನನಗೆ ನಲವತ್ತಾದ ವರ್ಷ ಗೌರಿಹಬ್ಬಕ್ಕೆ ಮೊದಲು ನನ್ನದೇ ಬ್ಲೌಸು ಎಡಗಡೆ ಕಂಕುಳ ಹತ್ತಿರ ಹಿಡಿಯಿತು. ಬಲಗಡೆ ಸರಿಯಾಗಿಯೇ ಇತ್ತು. ಬೇರೆ ಯಾವ ಹೆಂಗಸಾದರೂ ಇದೇನು ಒಂದೇ ಕಡೆ ಬಿಗಿ ಅಂತ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದಳೋ ಏನೋ. ನಾನು ಬ್ಲೌಸನ್ನು ನೋಡಿದೆ. ಎಡಗಡೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ. ಮಿಷನ್ ತುಳಿದು ತುಳಿದು ಒಂದು ಕಡೆ ಮೈ ಬಂದಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ತುಳಿಯುವುದು ಕಾಲಲ್ಲಿ ಅನ್ನುವುದೂ ಹೊಳೆಯಲಿಲ್ಲ, ಅಂಥ ಪೆದ್ದಿ. ದೀಪಾವಳಿಗೆ ಮತ್ತೆ ಹಿಡಿಯಿತು. ಮತ್ತೆ ಬಿಚ್ಚಿದೆ. ಇದ್ದ ಆರು ಬ್ಲೌಸನ್ನೂ ಒಂದು ಮಧ್ಯಾಹ್ನ ಕೂತು ಎಡಗಡೆ ಮಾತ್ರ ಸಡಿಲ ಮಾಡಿದೆ. ಕೆಲಸ ಅಚ್ಚುಕಟ್ಟಾಗಿ ಬಂತು ಅಂತ ಖುಷಿಯೂ ಪಟ್ಟೆ. ಕೊಯ್ಲು ಶುರುವಾಗುವ ಹೊತ್ತಿಗೆ ಮೂರನೇ ಸಲ ಬಿಚ್ಚಿದಾಗ ಒಳಗೆ ಬಟ್ಟೆ ಉಳಿದಿರಲಿಲ್ಲ. ಆಗ ಮೊದಲ ಸಲ ಕೈ ಬ್ಲೌಸನ್ನು ಬಿಟ್ಟು ಮೈಯನ್ನು ಮುಟ್ಟಿತು. ಗಟ್ಟಿಯಾಗಿ, ಕದಲದೆ, ಅದು ಅಲ್ಲಿತ್ತು.

ಊರಿನ ಡಾಕ್ಟರಮ್ಮ ಮುಟ್ಟಿ ನೋಡಿದವರು ಎಷ್ಟು ದಿನದಿಂದ ಇದೆ ಅಂದರು. ನಾನು, ಮೂರು ಹೊಲಿಗೆಯಿಂದ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ನಾಳೆ ಬೆಳಿಗ್ಗೆಯೇ ಮಂಗಳೂರಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು.

ನನ್ನ ಗಂಡ ಆಗ ಹೊರನಾಡಿಗೆ ಬರುವ ಯಾತ್ರಿಕರನ್ನು ಜೀಪಿನಲ್ಲಿ ಓಡಾಡಿಸುತ್ತಿದ್ದರು, ಈಗಲೂ ಅದೇ ಕೆಲಸ. ವಿಷಯ ಕೇಳಿದವರು ಹೋಗಿ ಜೀಪು ತೊಳೆಯಲು ಶುರುಮಾಡಿದರು. ತೊಳೆದ ಜೀಪನ್ನೇ ಮತ್ತೆ ತೊಳೆದರು. ಜಯಪುರದಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೊದಲು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಯಾರ ಹತ್ತಿರವೂ ಬಾಯಿ ಬಿಡಬೇಡ, ನಿನಗೆ ಹೆಣ್ಣು ಮಗು ಇದೆ, ತಾಯಿಗೆ ಈ ಕಾಯಿಲೆ ಅಂದರೆ ನಾಳೆ ಸೌಮ್ಯನನ್ನು ಯಾರು ಕೇಳುತ್ತಾರೆ ಅಂದಳು. ಸೌಮ್ಯನಿಗೆ ಆಗ ಹನ್ನೆರಡು ವರ್ಷ. ಎಲ್ಲರಿಗೂ ಗರ್ಭಕೋಶದ ಆಪರೇಷನ್ ಅಂತ ಹೇಳುವುದೆಂದು ತೀರ್ಮಾನ ಮಾಡಿದೆವು. ಅದಾದರೆ ಮಾಮೂಲು, ಯಾರೂ ಹೆಚ್ಚು ಕೇಳುವುದಿಲ್ಲ. ಅಕ್ಕನ ಮೇಲೆ ತಪ್ಪು ಹೊರಿಸುತ್ತಿಲ್ಲ. ಅವಳು ಹೇಳಿದ್ದು ನನಗೂ ಬೇಕಾಗಿತ್ತು. ಟೈಲರ್ ಲಲಿತನಿಗೆ ಒಂದು ಕಡೆ ಇಲ್ಲವಂತೆ ಅಂತ ಪೇಟೆಯಲ್ಲಿ ಮಾತಾಗುವುದನ್ನು ನೆನೆಸಿಕೊಂಡರೇ ನನಗೆ ಸಾಯುವಷ್ಟು ನಾಚಿಕೆಯಾಗುತ್ತಿತ್ತು.

ಮಂಗಳೂರಿಗೆ ಕಳಸದಿಂದ ಬೆಳಗಿನ ಬಸ್ಸು. ಕುದುರೆಮುಖ ದಾಟಿ, ಘಾಟಿ ಇಳಿದು, ಬಜಗೋಳಿ, ಕಾರ್ಕಳ. ಒಂದೂವರೆ ವರ್ಷದಲ್ಲಿ ಆ ದಾರಿಯಲ್ಲಿ ಎಷ್ಟು ಸಲ ಹೋಗಿ ಬಂದೆನೋ. ಪ್ರತಿ ಸಲ ನಮ್ಮ ಹಳೆಯ ಕ್ವಾರ್ಟರ್ಸಿನ ಸಾಲು ಕಾಣುವಾಗ ಇವರು ಮುಖ ಆ ಕಡೆ ತಿರುಗಿಸುತ್ತಿದ್ದರು. ನಾವಿದ್ದ ಮನೆಯ ಅಡುಗೆಮನೆ ಕಿಟಕಿಯಿಂದ ಒಂದು ಗಿಡ ಹೊರಗೆ ಬಂದಿತ್ತು. ನನಗೆ ಅದನ್ನು ನೋಡದೆ ಇರಲು ಆಗುತ್ತಿರಲಿಲ್ಲ. ಎಷ್ಟು ಎತ್ತರ ಆಯಿತು ಅಂತ ನೋಡುತ್ತಿದ್ದೆ.

ಕೀಮೋ ಹಾಕಿಸಿಕೊಂಡು ವಾಪಸ್ಸು ಬರುವಾಗ ಹೊಟ್ಟೆಯೆಲ್ಲ ಬಾಯಿಗೆ ಬರುತ್ತಿತ್ತು. ಆದರೆ ಆ ಘಾಟಿ ಬಸ್ಸಿನಲ್ಲಿ ವಾಂತಿ ಮಾಡುವವರು ನಾನೊಬ್ಬಳೇ ಅಲ್ಲ. ಯಾತ್ರೆಗೆ ಬಂದವರೆಲ್ಲ ಕಿಟಕಿಗೆ ತಲೆ ಕೊಟ್ಟಿರುತ್ತಿದ್ದರು. ಕಂಡಕ್ಟರು ಕೇಳುವ ಮೊದಲೇ ಪ್ಲಾಸ್ಟಿಕ್ ಕವರು ಕೊಟ್ಟು, ಮುಂದೆ ನೋಡ್ತಾ ಕೂತ್ಕೊಳಿ ಅಕ್ಕಾ, ಸರಿಹೋಗ್ತದೆ ಅನ್ನುತ್ತಿದ್ದ. ನನ್ನನ್ನೂ ಅವರಂತೆಯೇ ಕಂಡನಲ್ಲ, ಅದೊಂದು ದೊಡ್ಡ ಉಪಕಾರ.

ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂರುವ ಜಾಗದಲ್ಲಿ ಉದ್ದಕ್ಕೂ ಸ್ಟೀಲಿನ ಕುರ್ಚಿಗಳು. ತುಳು, ಬ್ಯಾರಿ, ಮಲಯಾಳ, ಕನ್ನಡ, ಎಲ್ಲ ಭಾಷೆಯ ಹೆಂಗಸರು. ಯಾರೂ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ನಾನು ಅವರ ಬ್ಲೌಸುಗಳನ್ನು ನೋಡುತ್ತಿದ್ದೆ. ಕಸುಬಿನ ಚಾಳಿ. ಯಾರದು ತೋಳು ಎಳೆದಿದೆ, ಯಾರದು ಬೆನ್ನು ನೆರಿಗೆ ಬಿದ್ದಿದೆ, ಯಾವ ಮಹಾತಾಯಿ ಹೊಲಿದದ್ದು ಇದು ಅಂತ ಒಳಗೊಳಗೇ ಬೈದುಕೊಳ್ಳುತ್ತಾ ಹೆದರಿಕೆಯನ್ನು ದೂರ ಇಡುತ್ತಿದ್ದೆ. ಒಂದು ದಿನ ಬೆಳ್ತಂಗಡಿ ಕಡೆಯ ಒಬ್ಬ ವಯಸ್ಸಾದ ಹೆಂಗಸಿನ ಬ್ಲೌಸಿನ ಎಡಗಡೆ ಕಣ್ಣಿಗೆ ಬಿತ್ತು. ಪಕ್ಕದ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು, ಹಳೆಯ ಹೊಲಿಗೆಯ ಗುರುತು ಗೆರೆಯಂತೆ ಉಳಿದಿತ್ತು. ನೀವೇ ಬಿಚ್ಚಿದ್ದಾ ಅಂತ ಕೇಳಿದೆ. ಹೌದಮ್ಮ, ಎರಡು ಸಲ, ಅಂದರು. ಅವರು ನನ್ನ ಕೈ ಹಿಡಿದುಕೊಂಡರು. ಅವರ ಟೋಕನ್ ಕೂಗುವ ತನಕ ಬಿಡಲಿಲ್ಲ. ಜಗತ್ತಿನಲ್ಲಿ ಇಂಥ ಪೆದ್ದಿ ನಾನೊಬ್ಬಳೇ ಅಲ್ಲ ಅಂತ ಅವತ್ತು ಎಷ್ಟು ಸಮಾಧಾನವಾಯಿತು ಎಂದರೆ, ಕುರ್ಚಿಯಲ್ಲಿ ಕೂತೇ ಒಂದು ಜೊಂಪು ನಿದ್ದೆ ಮಾಡಿದೆ.

ಆಪರೇಷನ್ ಆದ ಮೇಲೆ ವಾರ್ಡಿನಲ್ಲಿ ತೊಡಿಸಿದ ಗೌನಿಗೆ ಕಟ್ಟುವ ಲಾಡಿಯೇ ಕಿತ್ತುಹೋಗಿತ್ತು. ಸಿಸ್ಟರ್ ಹತ್ತಿರ ಸೂಜಿ ದಾರ ಕೇಳಿ, ಬಲಗೈ ಒಂದರಲ್ಲೇ ಹೊಲಿದುಕೊಂಡೆ. ಪಕ್ಕದ ಮಂಚದವಳು ತನ್ನದನ್ನೂ ಕೊಟ್ಟಳು. ಡಿಸ್ಚಾರ್ಜ್ ಆಗುವ ಹೊತ್ತಿಗೆ ಒಂಬತ್ತು ಗೌನು ರಿಪೇರಿ ಮಾಡಿದ್ದೆ. ರೇಡಿಯೇಷನ್ನಿಗೆ ಮೊದಲು ಎದೆಯ ಮೇಲೆ ಇಂಕಿನಲ್ಲಿ ಗೆರೆ ಎಳೆದು, ಅಳಿಸದ ಹಾಗೆ ನೋಡಿಕೊಳ್ಳಿ ಅಂದರು. ನಾನು ಬಟ್ಟೆಗೆ ಚಾಕ್‌ಪೀಸಿನಲ್ಲಿ ಗುರುತು ಹಾಕುವುದು ಹೀಗೆಯೇ. ಆ ದಿನ ಮಾತ್ರ ನನಗೆ ತಡೆಯಲಾಗದೆ ಅಳು ಬಂತು. ಎಡಗೈ ಊದಿಕೊಳ್ಳುತ್ತದೆ ಅಂತ ಒಬ್ಬ ಹುಡುಗಿ ತಿಂಗಳಿಗೊಮ್ಮೆ ಟೇಪು ಹಿಡಿದು ನನ್ನ ಕೈಯ ಅಳತೆ ತೆಗೆಯುತ್ತಿದ್ದಳು. ಅವಳು ಟೇಪು ಹಿಡಿಯುವ ಚಂದ ನೋಡಲಾರದೆ ನಾನೇ ಹೇಳಿಕೊಟ್ಟೆ.

ಈ ತಿಂಗಳುಗಳಲ್ಲೆಲ್ಲ ನನ್ನ ಸೌಮ್ಯನನ್ನು ನೋಡಿಕೊಂಡವಳು ಜಲಜಕ್ಕ. ಪೇಟೆಗೆ ಹತ್ತಿರದ ಒಂದು ಎಸ್ಟೇಟಿನ ಕೆಲಸಗಾರರ ಲೈನಿನಲ್ಲಿ ಅವಳ ಮನೆ. ಅಲ್ಲಿಯ ನರ್ಸರಿಯಲ್ಲಿ ಕಾಫಿ ಸಸಿಗಳ ಕವರಿಗೆ ಮಣ್ಣು ತುಂಬುವ ಕೆಲಸ. ನನ್ನ ಅಂಗಡಿಗೆ ಗಿರಾಕಿಯಾಗಿ ಬಂದವಳು, ಆಮೇಲೆ ಹೊಲಿಸುವುದಿಲ್ಲದಿದ್ದರೂ ಬಂದು ಕೂರುತ್ತಿದ್ದಳು. ಅವಳ ಮಗಳು ಪವಿತ್ರ ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕವಳು, ಇಬ್ಬರೂ ಒಂದೇ ಶಾಲೆ. ನಾವು ಮಂಗಳೂರಿಗೆ ಹೋದ ದಿನಗಳಲ್ಲಿ ಸೌಮ್ಯ ಅವರ ಮನೆಯಲ್ಲೇ ಉಣ್ಣುವುದು, ಮಲಗುವುದು. ಬೆಳಿಗ್ಗೆ ಇಬ್ಬರಿಗೂ ಜಡೆ ಹಾಕಿ ಕಳಿಸುತ್ತಿದ್ದಳು. ಗರ್ಭಕೋಶದ ಆಪರೇಷನ್ನಿಗೆ ಇಷ್ಟು ಸಲ ಯಾಕೆ ಹೋಗಬೇಕು ಅಂತ ಅವಳೊಬ್ಬಳೇ ಕೇಳಬಹುದಾಗಿತ್ತು. ಕೇಳಲಿಲ್ಲ.

ಕೂದಲು ಉದುರಿದಾಗ ತಿರುಪತಿಗೆ ಮುಡಿ ಕೊಟ್ಟೆ ಅಂತ ಹೇಳಿದೆ. ಒಳ್ಳೆ ಉಪಾಯ ಹೊಳೆಯಿತು ಅಂತ ಬೀಗಿದ್ದೆ. ಪ್ರಸಾದ ಎಲ್ಲಿ ಅಂತ ಜನ ಕೇಳುತ್ತಾರೆ ಅನ್ನುವುದನ್ನು ಮರೆತಿದ್ದೆ. ಜಲಜಕ್ಕನೇ ಮೊದಲು ಕೇಳಿದ್ದು. ತಿರುಪತಿಗೆ ಹೋಗಿ ಬಂದು ಒಂದು ಲಾಡು ತರ್ಲಿಲ್ವಾ ಮಾರಾಯ್ತಿ, ಅಂದಳು. ಮನೆಯಲ್ಲಿದೆ ನಾಳೆ ಕೊಡ್ತೀನಿ ಅಂದುಬಿಟ್ಟೆ. ಇವರು ಬಸ್‌ಸ್ಟ್ಯಾಂಡಿನ ಬೇಕರಿಯಿಂದ ಎರಡು ಲಾಡು ತಂದರು. ನಾನು ಅದರ ಜೊತೆ ಒಂದು ತುಳಸಿ ಎಲೆ ಇಟ್ಟು ಕಾಗದದಲ್ಲಿ ಕಟ್ಟಿಕೊಟ್ಟೆ. ಅವಳು ಚಪ್ಪಲಿ ಬಿಟ್ಟು, ಕಣ್ಣಿಗೆ ಒತ್ತಿಕೊಂಡು, ಅರ್ಧ ಮುರಿದು ಪವಿತ್ರನ ಬಾಯಿಗೆ ಹಾಕಿ, ನಿನಗೆ ಬೇಗ ಗುಣ ಆಗ್ಲಿ ಅಂತ ನನ್ನ ಬೋಳು ತಲೆಯ ಮೇಲೆ ಕೈಯಿಟ್ಟಳು.

ಗುಣವಾಯಿತು. ನಲವತ್ತೊಂದು ದಾಟುವ ಹೊತ್ತಿಗೆ ಮತ್ತೆ ಅಂಗಡಿಯಲ್ಲಿ ಕೂತೆ. ಬ್ಲೌಸಿನ ಎಡಗಡೆಗೆ ನಾನೇ ಒಂದು ಪುಟ್ಟ ದಿಂಬು ಹೊಲಿದುಕೊಂಡೆ. ಬೂರುಗದ ಹತ್ತಿ ತುಂಬಿದರೆ ಆಕಾರ ಬರುತ್ತದೆ, ತೂಕ ಬರುವುದಿಲ್ಲ. ತೂಕವಿಲ್ಲದಿದ್ದರೆ ಮೇಲಕ್ಕೆ ಸರಿದುಕೊಳ್ಳುತ್ತದೆ. ಅದಕ್ಕೆ ಒಳಗೆ ಒಂದು ಸಣ್ಣ ಚೀಲದಲ್ಲಿ ಸಾಸಿವೆ ತುಂಬಿಟ್ಟೆ. ಮಳೆಗಾಲದಲ್ಲಿ ಸಾಸಿವೆಗೆ ಬೂಷ್ಟು ಬರುತ್ತದೆ, ವಾರಕ್ಕೊಮ್ಮೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ತುಂಬಬೇಕು. ನನ್ನ ಮೈಯಲ್ಲಿ ಒಗ್ಗರಣೆ ವಾಸನೆ ಬರುತ್ತದೆ ಅಂತ ಸೌಮ್ಯ ರೇಗಿಸುತ್ತಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ನನ್ನ ಕೆಲಸದ ಮೇಲೆ ನನಗೆ ಅಷ್ಟು ಹೆಮ್ಮೆ.

ನನಗೆ ನಲವತ್ತಮೂರು ಆಗಿತ್ತು. ಒಂದು ಮಧ್ಯಾಹ್ನ ಜಲಜಕ್ಕ ಒಂದು ಕೆಂಪು ಬ್ಲೌಸು ತಂದಳು. ಅವಳ ಮದುವೆ ಸೀರೆಗೆ ಹೊಂದುವ ಬ್ಲೌಸು, ನಾನೇ ಮೂರು ವರ್ಷದ ಹಿಂದೆ ಹೊಲಿದುಕೊಟ್ಟದ್ದು. ಯಾರದೋ ಮದುವೆಗೆ ಹೋಗಬೇಕಿತ್ತು. ಎಡಗಡೆ ಒಂದು ಚೂರು ಬಿಗಿ ಮಾರಾಯ್ತಿ, ಬಿಚ್ಚಿ ಕೊಡು ಅಂದಳು.

ತೊಟ್ಟು ತೋರಿಸು ಅಂದೆ. ಪರದೆಯ ಹಿಂದೆ ತೊಟ್ಟು ನಿಂತಳು. ಅಳತೆ ತೆಗೆಯುವ ನೆಪದಲ್ಲಿ ಕಂಕುಳ ಕೆಳಗೆ ಬೆರಳಿಟ್ಟೆ. ಆ ಗಟ್ಟಿಯನ್ನು ನನ್ನ ಬೆರಳು ಎಲ್ಲಿದ್ದರೂ ಗುರುತಿಸುತ್ತದೆ. ಆಗ ಟೀಚರ್ ಹೇಳಿಕೊಟ್ಟ ಮಾತು ನೆನಪಿಗೆ ಬಂತು, ನನಗೆ ಅದು ಬೇಕಾಗಿಯೇ ಬಂತು. ಯಾಕೆಂದರೆ ಇದು ಅದೇ ಅಂತ ನಾನು ಅಂದರೆ, ನಿನಗೆ ಹೇಗೆ ಗೊತ್ತು ಅಂತ ಅವಳು ಕೇಳುತ್ತಾಳೆ. ಆಮೇಲೆ ಗರ್ಭಕೋಶ, ತಿರುಪತಿ, ಲಾಡು, ಒಂದೊಂದೇ ಬಿಚ್ಚುತ್ತಾ ಹೋಗಬೇಕು.

ಒಂದ್ಸಲ ಡಾಕ್ಟರಮ್ಮಂಗೆ ತೋರಿಸ್ಬಾರ್ದಾ ಜಲಜಕ್ಕ ಅಂದೆ, ಹುಕ್ಕು ನೋಡುತ್ತಾ, ಸುಮ್ಮನೆ ಹೇಳಿದ ಹಾಗೆ. ಅವಳು, ಬ್ಲೌಸು ಬಿಗಿ ಆದ್ರೆ ಡಾಕ್ಟರಾ, ನೀನು ಯಾಕಿದ್ದೀ ಮತ್ತೆ ಅಂತ ನಕ್ಕಳು. ಕೊಯ್ಲು ಮುಗಿದ ಮೇಲೆ ನೋಡೋಣ ಅಂದಳು. ನಾನೂ ನಕ್ಕೆ. ಕೆಂಪು ದಾರ ಮುಗಿದಿತ್ತು, ನೇರಳೆ ದಾರದಲ್ಲೇ ಹೊಲಿಗೆ ಹಾಕಿ ಸಡಿಲ ಮಾಡಿಕೊಟ್ಟೆ. ಅವಳು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತಾ, ನಾಳೆ ಹೇಳುತ್ತೇನೆ ಅಂದುಕೊಂಡೆ. ಹಾಗೆ ಅಂದುಕೊಂಡ ನಾಳೆಗಳು ಏಳು ತಿಂಗಳು.

ಅವಳು ಮಂಗಳೂರಿಗೆ ಹೋಗುವ ಹೊತ್ತಿಗೆ ಅದು ಬೆನ್ನುಮೂಳೆಗೆ ಇಳಿದಿತ್ತು. ಆಪರೇಷನ್ ಮಾಡಿ ಪ್ರಯೋಜನವಿಲ್ಲ ಅಂದರಂತೆ. ಲೈನ್ ಮನೆಗೆ ವಾಪಸ್ಸು ಕರೆತಂದರು. ನಾನು ಎರಡು ಬ್ಲೌಸು ಹೊಲಿದುಕೊಂಡು ನೋಡಲು ಹೋದೆ. ತೆಳು ಹತ್ತಿ ಬಟ್ಟೆ, ಮುಂದೆ ಹುಕ್ಕಿನ ಬದಲು ಲಾಡಿ, ಎಡಗೈ ಎತ್ತದೆಯೇ ತೊಡಬಹುದಾದ ಹಾಗೆ ತೋಳು ಪೂರ್ತಿ ಬಿಚ್ಚಿಕೊಳ್ಳುವ ಬ್ಲೌಸು. ನಾನು ಮಲಗಿದ್ದಾಗ ನನಗೇ ಹೊಲಿದುಕೊಂಡ ಮಾದರಿ ಅದು. ತೊಡಿಸಿದೆ. ಅವಳು ಲಾಡಿಯನ್ನು ಬೆರಳಲ್ಲಿ ಸವರುತ್ತಾ ನನ್ನನ್ನು ನೋಡಿದಳು.

"ಕೈ ಎತ್ತಕ್ಕಾಗಲ್ಲ ಅಂತ ನಿಂಗೆ ಹೆಂಗೆ ಗೊತ್ತಾಯ್ತು ಮಾರಾಯ್ತಿ?"

"ಟೈಲರ್ ಅಲ್ವಾ ಜಲಜಕ್ಕ, ಗೊತ್ತಾಗುತ್ತೆ" ಅಂದೆ.

ಅವಳು ಗೋಡೆಯ ಕಡೆ ತಿರುಗಿದಳು. ಆ ಕಡೆಯೇ ನೋಡುತ್ತಾ ಅಂದಳು:

"ಈ ಊರಲ್ಲಿ ಯಾವ ಹೆಂಗಸಿಗೂ ಬರದೇ ಇರೋದು ನಂಗೊಬ್ಳಿಗೇ ಯಾಕೆ ಬಂತು ಲಲಿತಾ? ನಾನು ಯಾರಿಗೆ ಎಂತ ಮಾಡಿದ್ದೆ?"

ನಾನು ಅವಳ ಮಂಚದ ಅಂಚಿನಲ್ಲಿ ಕೂತಿದ್ದೆ. ಸಾಸಿವೆಯ ಚೀಲ ನನ್ನ ಎದೆಗೆ ಒತ್ತುತ್ತಿತ್ತು. ಅವಳ ಕೈ ತೆಗೆದು ಅಲ್ಲಿ ಇಟ್ಟಿದ್ದರೆ ಸಾಕಿತ್ತು, ಒಂದು ಮಾತೂ ಆಡಬೇಕಾಗಿರಲಿಲ್ಲ. ಬೆಳ್ತಂಗಡಿಯ ಆ ಹೆಂಗಸು ಹೆಸರೂ ಗೊತ್ತಿಲ್ಲದ ನನಗೆ ಕೊಟ್ಟದ್ದನ್ನು ನಾನು ಜಲಜಕ್ಕನಿಗೆ ಕೊಡಲಿಲ್ಲ. ಪಕ್ಕದ ಮನೆಯವಳು ಒಳಗೆ ಬಂದಳು. ನಾನು ಎದ್ದುಬಂದೆ. ಹದಿನೇಳು ದಿನದ ಮೇಲೆ ಜಲಜಕ್ಕ ಹೋದಳು. ಪವಿತ್ರನಿಗೆ ಆಗ ಹದಿನಾಲ್ಕು.

ಮೊದಲೇ ಹೇಳಿದ್ದರೆ ಅವಳು ಬದುಕುತ್ತಿದ್ದಳಾ? ಗೊತ್ತಿಲ್ಲ. ನನ್ನ ಡಾಕ್ಟರನ್ನು ಒಂದು ಸಲ, ಯಾರದೋ ಕತೆಯೆಂಬಂತೆ ಕೇಳಿದ್ದೆ. ಏಳು ತಿಂಗಳು ಅಂದರೆ ಬಹಳ ಅಂದರು, ಅಷ್ಟೇ. ವರ್ಷಕ್ಕೊಮ್ಮೆ ಚೆಕಪ್ಪಿಗೆ ಹೋಗಿ, ಎಲ್ಲ ಸರಿಯಾಗಿದೆ ಅಂತ ಕೇಳಿಸಿಕೊಂಡು ಬರುವ ಬಸ್ಸಿನಲ್ಲಿ ಪ್ರತಿ ಸಲವೂ ನನಗೆ ಅವಳ ನೆನಪಾಗುತ್ತದೆ. ಇವರು ಖುಷಿಯಲ್ಲಿ ಬಜಗೋಳಿಯಲ್ಲಿ ಗೋಳಿಬಜೆ ತಂದುಕೊಡುತ್ತಾರೆ. ನಾನು ಪೊಟ್ಟಣ ಬಿಚ್ಚದೆ ಚೀಲಕ್ಕೆ ಹಾಕಿಕೊಳ್ಳುತ್ತೇನೆ.

ಈಗ ಐವತ್ತನೇ ಹುಟ್ಟುಹಬ್ಬಕ್ಕೆ ಬರುತ್ತೇನೆ. ಕೇಕು ಕತ್ತರಿಸಿ, ಯೂನಿಫಾರ್ಮಿನ ರಾಶಿಯ ನಡುವೆ ತಟ್ಟೆ ಹಿಡಿದು ಕೂತಿದ್ದೆವು. ಇವರಿಗೆ ಬಾಡಿಗೆ ಬಂತು, ಹೋದರು. ಆಗ ಪವಿತ್ರ ಬಂದಳು. ಇಪ್ಪತ್ತೊಂದರ ಹುಡುಗಿ, ಅಮ್ಮನದೇ ನಡಿಗೆ. ಆಷಾಢಕ್ಕೆ ಮೊದಲು ಅವಳ ಮದುವೆ. ತಾಯಿ ಹೋದ ಮೇಲೂ ಅವಳು ನನ್ನನ್ನು ಚಿಕ್ಕಮ್ಮ ಅನ್ನುವುದನ್ನು ಬಿಟ್ಟಿಲ್ಲ, ಪ್ರತಿ ಸಲ ಹಾಗೆ ಕರೆದಾಗಲೂ ನನಗೆ ಚುಚ್ಚುತ್ತದೆ. ಕೇಕು ತಿಂದಳು, ಸೌಮ್ಯನ ಜೊತೆ ನಕ್ಕಳು. ಆಮೇಲೆ ಚೀಲದಿಂದ ಅಮ್ಮನ ಮದುವೆ ಸೀರೆ ತೆಗೆದಳು, ಅದರೊಳಗಿನಿಂದ ಕೆಂಪು ಬ್ಲೌಸು.

ಧಾರೆಗೆ ಅಮ್ಮನ ಸೀರೆ ಉಡುತ್ತೇನೆ ಅಂದಳು. ಬ್ಲೌಸೂ ಅಮ್ಮನದೇ ಇರಲಿ, ನನಗೆ ಆಗುವ ಹಾಗೆ ಚಿಕ್ಕದು ಮಾಡಿಕೊಡಿ ಅಂದಳು.

ಬ್ಲೌಸನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದೆ. ಬಲಗಡೆ ಕೆಂಪು ದಾರ. ಎಡಗಡೆ ನನ್ನ ನೇರಳೆ ದಾರ. ಒಳಗೆ ಬಟ್ಟೆ ಒಂದು ಬೆರಳಿನಷ್ಟೂ ಉಳಿದಿರಲಿಲ್ಲ, ಅಷ್ಟನ್ನೂ ನಾನು ಹೊರಗೆ ತಂದಿದ್ದೆ. ಅಚ್ಚುಕಟ್ಟಾಗಿ ಚಿಕ್ಕದು ಮಾಡಬೇಕಾದರೆ ಆ ನೇರಳೆ ಹೊಲಿಗೆಯನ್ನು ಬಿಚ್ಚಬೇಕು. ಬಿಚ್ಚಿ ಬೇರೆ ಹಾಕಿದರೆ ಆ ಮಧ್ಯಾಹ್ನದ ಗುರುತೇ ಇರುವುದಿಲ್ಲ. ಇನ್ನು ಯಾರೂ ಯಾವತ್ತೂ ಕೇಳುವ ಹಾಗಿಲ್ಲ. ಕೈಯಲ್ಲಿ ಬ್ಲೇಡು ಹಿಡಿದು ಕೂತೆ. ಏನಾಯ್ತು ಚಿಕ್ಕಮ್ಮ, ಬಟ್ಟೆ ಹಳೇದಾಗಿದೆಯಾ ಅಂತ ಅವಳು ಕೇಳಿದಳು.

ಬ್ಲೇಡನ್ನು ಕೆಳಗಿಟ್ಟೆ. ಸೌಮ್ಯನ ಕಡೆ ನೋಡಿದೆ. ಅವಳಿಗೆ ಅರ್ಥವಾಯಿತು, ಎದ್ದು ಹೋಗಿ ಬಾಗಿಲ ಪರದೆ ಎಳೆದಳು. ನಾನು ಬ್ಲೌಸಿನೊಳಗೆ ಕೈ ಹಾಕಿ ದಿಂಬನ್ನು ಹೊರಗೆ ತೆಗೆದು ಪವಿತ್ರನ ಕೈಯಲ್ಲಿಟ್ಟೆ. ಅದು ಇನ್ನೂ ಬೆಚ್ಚಗಿತ್ತು. ಅವಳು ಏನೆಂದು ತಿಳಿಯದೆ ಒತ್ತಿದಳು, ಒಳಗೆ ಸಾಸಿವೆ ಸರಿದಾಡಿತು. ನನ್ನ ಎದೆಯನ್ನು ನೋಡಿದಳು. ಆಮೇಲೆ ಎಲ್ಲ ಹೇಳಿದೆ. ನನ್ನ ಮೂರು ಹೊಲಿಗೆ, ಗರ್ಭಕೋಶ, ಅವಳು ತಿಂದ ಲಾಡು, ಅವಳ ಅಮ್ಮನ ಕಂಕುಳ ಕೆಳಗೆ ನನ್ನ ಬೆರಳಿಗೆ ಸಿಕ್ಕಿದ್ದು, ನೇರಳೆ ದಾರ, ಲೈನ್ ಮನೆಯ ಮಂಚ. ಯಾವುದನ್ನೂ ಚಂದ ಮಾಡಿ ಹೇಳಲಿಲ್ಲ. ತಾಯಿಗೆ ಬಂದದ್ದರಿಂದ ನೀನೂ ತೋರಿಸಿಕೊಳ್ಳುತ್ತಿರಬೇಕು, ಮದುವೆಯಾಗಿ ಹೋಗುವ ಮನೆಯಲ್ಲಿ ಮುಚ್ಚಿಡಬೇಡ ಅಂತಲೂ ಹೇಳಿದೆ.

ಅವಳು ಆ ದಿಂಬನ್ನು ತಿರುಗಿಸಿ ಅದರ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಳಲಿಲ್ಲ. ಅತ್ತಿದ್ದರೆ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಮ್ಮ ಕೊನೇ ದಿನದ ತನಕ ನಂಗೊಬ್ಳಿಗೇ ಬಂತು, ನಂಗೊಬ್ಳಿಗೇ ಬಂತು ಅಂತ ಅಳ್ತಿತ್ತು ಚಿಕ್ಕಮ್ಮ" ಅಂದಳು. "ಇದನ್ನ ಒಂದ್ಸಲ ಕೈಗೆ ಕೊಟ್ಟಿದ್ರೆ ಸಾಕಿತ್ತು."

ಹೌದು ಅಂದೆ. ಕ್ಷಮಿಸು ಅಂತ ಕೇಳಲಿಲ್ಲ. ಕ್ಷಮಿಸಬೇಕಾದವಳು ಅವಳಲ್ಲ.

ಅವಳು ದಿಂಬನ್ನು ಮೇಜಿನ ಮೇಲಿಟ್ಟು, ಅಮ್ಮನ ಬ್ಲೌಸನ್ನು ತೆಗೆದುಕೊಂಡು ಮಡಚಿದಳು. ನೇರಳೆ ಹೊಲಿಗೆ ಒಳಗೆ ಬರುವ ಹಾಗೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಇದನ್ನು ಬಿಚ್ಚುವುದು ಬೇಡ, ಹೀಗೇ ಇರಲಿ ಅಂದಳು. ಎದ್ದು ಪರದೆಯ ತನಕ ಹೋದಳು. ಹೋಯಿತು, ಇನ್ನು ಈ ಹುಡುಗಿ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಅಂದುಕೊಂಡೆ. ಅವಳು ಪರದೆಯ ಅಂಚು ಹಿಡಿದು ನಿಂತಳು. ಹೊರಗೆ ಯಾರೋ ಯೂನಿಫಾರ್ಮ್ ಆಯ್ತಾ ಅಂತ ಕೂಗಿದರು. ನಾಳೆ ಬನ್ನಿ ಅಂತ ಸೌಮ್ಯ ಒಳಗಿನಿಂದಲೇ ಹೇಳಿದಳು.

ಪವಿತ್ರ ತಿರುಗಿ ಬಂದಳು. ಕೆಂಪು ಬಟ್ಟೆ ನೀವೇ ನೋಡಿ ತನ್ನಿ, ಹೊಸದು ಹೊಲಿಯಿರಿ ಅಂದಳು. ಅಳತೆ ಬ್ಲೌಸು ತಂದಿಲ್ಲ, ಮೈಮೇಲೇ ತೆಗೆಯಿರಿ ಅಂದಳು. ನಾನು ಟೇಪು ತೆಗೆದುಕೊಂಡು ಎದ್ದೆ. ಅವಳು ಎರಡೂ ಕೈ ಎತ್ತಿ ನಿಂತಳು.

ಕಂಕುಳ ಸುತ್ತ ಟೇಪು ತರುವಾಗ ಅವಳು ನನ್ನ ಮುಖ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೇಳಿದಳು:

"ಕೈಗೆ ಎಂತಾದ್ರೂ ಸಿಕ್ಕಿದ್ರೆ ಈ ಸಲ ಹೇಳ್ತೀರಾ ಚಿಕ್ಕಮ್ಮ?"

"ಹೇಳ್ತೀನಿ" ಅಂದೆ.